ಬೋರಕ್ಕನ ಹರಳಿನ ತಟ್ಟೆ

ಪ್ಲೇಗಿನ ಮರುವರ್ಷ ದೇವಸಮುದ್ರದ ಯರ್ರಮ್ಮನಿಗೆ ಮೊಳಕಾಲ್ಮೂರಿನ ಸಂಬಂಧ ಕುದುರಿತು. ಬೋರಕ್ಕನ ಹೆಸರು ಅವಳ ಕಿವಿಗೆ ಬಿದ್ದದ್ದು ಅವತ್ತೇ. ನಮ್ಮ ಮಗ್ಗದ ಬೀದಿಯಲ್ಲಿ ಬೋರಕ್ಕನ ಹರಳಿನ ತಟ್ಟೆಯಲ್ಲಿ ಆರತಿ ಎತ್ತಿಸಿಕೊಳ್ಳದೆ ಯಾವ ಸೊಸೆಯೂ ಹೊಸಿಲು ದಾಟಿಲ್ಲ ಎಂದು ವರನ ಕಡೆಯವರು ಜಂಬ ಕೊಚ್ಚಿದ್ದರು. ಹುಡುಗನಿಗಿಂತ ಆ ತಟ್ಟೆಯನ್ನು ನೋಡುವ ಆಸೆಯೇ ಯರ್ರಮ್ಮನಿಗೆ ಹೆಚ್ಚಾಯಿತು.

ಬೋರಕ್ಕ ಮಕ್ಕಳಿಲ್ಲದ ವಿಧವೆ, ರೇಷ್ಮೆ ನೂಲು ಸುತ್ತಿಕೊಟ್ಟು ಬದುಕುವವಳು. ಅವಳ ಗಂಡನ ಹಿರಿಯರು ಯಾವ ಕಾಲದಲ್ಲೋ ಪಾಳೇಗಾರರ ಮನೆಗೆ ಸೀರೆ ನೇಯ್ದು ಕೊಟ್ಟಾಗ ಬಂದದ್ದು ಆ ತಟ್ಟೆ. ಬೆಳ್ಳಿಗೆ ಚಿನ್ನದ ನೀರು, ನಡುವೆ ಕೆಂಪು ಹರಳಿನ ಹೂವು, ಅಂಚಿಗೆ ಹಸಿರು ಹರಳಿನ ಬಳ್ಳಿ. ಬೋರಕ್ಕನನ್ನು ಶುಭಕಾರ್ಯಕ್ಕೆ ಕರೆಯದ ಬೀದಿ ಅವಳ ತಟ್ಟೆಯನ್ನು ಮಾತ್ರ ಮೊದಲು ಕರೆಯುತ್ತಿತ್ತು. ಪಾತ್ರೆಯನ್ನು ಬರಿದಾಗಿ ಯಾರ ಕೈಗೂ ಕೊಡಬಾರದಲ್ಲ. ಹಾಗಾಗಿ ತಟ್ಟೆ ತಂಬಿಟ್ಟೋ ಚಿಗಳಿಯೋ ಹೊತ್ತುಕೊಂಡೇ ಮನೆಗೆ ಬರುತ್ತಿತ್ತು.

"ನಾ ಹೋಗದಿದ್ರೇನು, ನನ್ನ ತಟ್ಟೆ ಹೋಗಿ ನನ್ನ ಪಾಲೂ ಕಟ್ಟಿಸ್ಕೊಂಡು ಬರ್ತೈತೆ" ಎಂದು ಬೋರಕ್ಕ ನಗುತ್ತಿದ್ದಳು.

ಯರ್ರಮ್ಮನ ಆರತಿ ಮುಗಿದ ಮೇಲೆ ಅವಳ ಅತ್ತೆ ಪಾಲಮ್ಮ, ಅರಿಶಿನ ಸುಣ್ಣದ ಕಲೆ ಹೋಗಲೆಂದು ತಟ್ಟೆಯನ್ನು ಕುದಿಯುವ ನೀರಿಗೆ ಹಾಕಿಬಿಟ್ಟಳು. ಹರಳು ಕೂರಿಸಿದ್ದು ಅರಗಿನ ಮೇಲೆ. ಅರಗು ಮೆತ್ತಗಾಗಿ ಕೆಂಪು, ಹಸಿರು ಹರಳುಗಳೆಲ್ಲ ತಪ್ಪಲೆಯ ತಳ ಸೇರಿದವು. ಪಾಲಮ್ಮ ಒಳಗೆ ಹೋಗಿ ತಲೆನೋವೆಂದು ಮಲಗಿದಳು. ಹೊಸ ಸೊಸೆಯೇ ಹರಳುಗಳನ್ನು ಸೆರಗಿಗೆ ಕಟ್ಟಿಕೊಂಡು, ಬೋಳು ತಟ್ಟೆಯಲ್ಲಿ ತಂಬಿಟ್ಟು ಇಟ್ಟುಕೊಂಡು ಹೋದಳು. ನಡೆದದ್ದನ್ನು ಕೇಳಿ ಬೋರಕ್ಕ ಬೈಯಲಿಲ್ಲ.

"ನಿಮ್ಮತ್ತೆ ತಟ್ಟೇನೂ ಬೇಯಿಸ್ತಾಳೆ. ನೀನು ಹುಷಾರಾಗಿರು."

ಅಕ್ಕಸಾಲಿ ಬಂದು ಹೊಸ ಅರಗಿನಲ್ಲಿ ಹರಳು ಕೂರಿಸಿಕೊಟ್ಟ. ಅಂದಿನಿಂದ ಇಬ್ಬರೂ ಜೊತೆಗೆ ಕೂತು ನೂಲು ಸುತ್ತತೊಡಗಿದರು.

ಬಿಸಿನೀರಿನ ಕತೆ ಬೋರಕ್ಕನ ಮೈದುನನ ಮಗ ಉಗ್ರಪ್ಪನಿಗೂ ಮುಟ್ಟಿತು. ಮುದುಕಿ ಕಣ್ಣು ಮುಚ್ಚಲಿ, ಒಂದು ತಪ್ಪಲೆ ನೀರು ಕಾಯಿಸಿದರೆ ಅಣ್ಣತಮ್ಮಂದಿರೆಲ್ಲ ಹರಳು ಹಂಚಿಕೊಳ್ಳಬಹುದು ಎಂದು ಅವನು ಬೀದಿಯಲ್ಲೇ ಹೇಳಿಕೊಂಡು ತಿರುಗಿದ. ಬೋರಕ್ಕನ ನಗು ಕಡಿಮೆಯಾಯಿತು.

ಒಮ್ಮೆ ಮೊಕ್ಕಾಂ ಬಂದಿದ್ದ ಅಮಲ್ದಾರರು ಮದುವೆಯೊಂದರಲ್ಲಿ ಆ ತಟ್ಟೆಯನ್ನು ನೋಡಿ, ಇಂಥದ್ದನ್ನು ಬೆಂಗಳೂರಿನ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗಿಡುತ್ತಾರೆ, ಯಾರೂ ಮುಟ್ಟುವಂತಿಲ್ಲ ಎಂದಿದ್ದರು. ಹಾಸಿಗೆ ಹಿಡಿದಾಗ ಬೋರಕ್ಕನಿಗೆ ಆ ಮಾತು ನೆನಪಾಯಿತು. ಮ್ಯೂಸಿಯಂಗೆ ಕಳಿಸಲೆಂದು ತಟ್ಟೆಯನ್ನು ಚಳ್ಳಕೆರೆಯ ಅಮಲ್ದಾರರ ಕಚೇರಿಗೆ ತಲುಪಿಸಲು ಯರ್ರಮ್ಮನಿಗೆ ಹೇಳಿದಳು. ಬೀದಿಯ ಸೊಸೆಯಂದಿರ ಆರತಿಗೆ ಇನ್ನೇನು ಗತಿ ಎಂದು ಯರ್ರಮ್ಮ ಕೇಳಿದಳು.

"ಆರತಿಗೆ ಹಿತ್ತಾಳೆ ತಟ್ಟೆ ಸಾಕು ಕಣೇ. ಇದು ಇಡಿಯಾಗಿ ಉಳೀಲಿ."

ಗಾಡಿ ಹೂಡಿದ ಮೇಲೆ ಬೋರಕ್ಕ ಮತ್ತೆ ಕೂಗಿ ಕರೆಸಿದಳು.

"ಯರ್ರೀ, ಬರೀ ತಟ್ಟೆ ಕೊಡಬ್ಯಾಡ. ಸರ್ಕಾರದೋರಾದ್ರೇನು, ಒಂದುಂಡೆ ತಂಬಿಟ್ಟು ಇಟ್ಟು ಕೊಡು."