ಕಂಪ್ಲಿ ಬಸ್ ಕೇಳಿದ ಹುಡುಗಿ

“ಆಂಟಿ, ಕಂಪ್ಲಿ ಬಸ್ ಎಲ್ಲಿ ನಿಲ್ತದ್ರಿ?”

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಂಡೂರಿನ ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಹದಿನೈದರ ಹುಡುಗಿಯೊಬ್ಬಳು ಕೇಳಿದಳು. ತುಟಿ ನಡುಗುತ್ತಿತ್ತು, ಹಣೆಯೆಲ್ಲ ಬೆವರು. ನಮ್ಮ ಕಡೆ ದಾರಿ ಕೇಳಿದವರಿಗೆ ಬಾಯಲ್ಲಿ ಹೇಳಿ ಸುಮ್ಮನಾಗುವವರು ಕಡಿಮೆ. ಯಾವ ಊರು, ಯಾರ ಮಗಳು ಎಂದು ವಿಚಾರಿಸುತ್ತ ನಾನೂ ಎದ್ದು ಅವಳ ಕೈ ಹಿಡಿದು ಹೊರಟೇಬಿಟ್ಟೆ.

ಹಿಂದಿನಿಂದ ಹೆಂಗಸೊಬ್ಬರು ಓಡಿಬಂದು ಕೈಮುಗಿದರು. “ಅಕ್ಕಾರ, ನೀವು ಹೋಗಬ್ಯಾಡ್ರಿ. ಅಕಿ ಒಬ್ಬಾಕಿನ ಹೋಗ್ಬೇಕ್ರಿ.”

ಅವರು ಹುಡುಗಿಯ ತಾಯಿ. ನಾನು ಕೈ ಬಿಟ್ಟು, ಬಸ್ ನಿಲ್ಲುವ ಕಡೆ ಬೆರಳು ತೋರಿಸಿದೆ. ಹುಡುಗಿ ಗುಂಪಿನೊಳಗೆ ನಡೆದಳು. ಜನರ ಭಯಕ್ಕೆ ಮಗಳು ಶಾಲೆಯನ್ನೇ ಬಿಟ್ಟಿದ್ದಾಳೆ, ಮಾತ್ರೆಗಳಿಂದ ಗುಣವಾಗಲಿಲ್ಲ ಎಂದರು ತಾಯಿ. ಈಗ ಡಾಕ್ಟರು ಅವಳು ಅಂಜುವ ಕೆಲಸಗಳನ್ನೇ ದಿನವೂ ಅವಳಿಂದ ಮಾಡಿಸುತ್ತಾರಂತೆ. ತಾಯಿ ದೂರ ನಿಂತು ನೋಡಬೇಕೇ ಹೊರತು ಸಹಾಯ ಮಾಡುವಂತಿಲ್ಲ. ಇಷ್ಟು ಹೇಳುವಾಗ ಅವರು ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬಸ್ಸಿನ ಕಿಟಕಿಯಲ್ಲಿ ಮಗಳ ಮುಖ ಕಂಡ ಮೇಲೆಯೇ ಬಿಟ್ಟು, ತಾವೂ ಹತ್ತಲು ಓಡಿದರು.

ನನ್ನ ಮಗನಿಗೂ ಅದೇ ವಯಸ್ಸು, ಅದೇ ಭಯ. ಕೋಣೆ ಬಿಟ್ಟು ಬರುವುದಿಲ್ಲ, ಊಟದ ತಟ್ಟೆಯನ್ನು ನಾನೇ ಒಳಗೆ ಒಯ್ಯುತ್ತಿದ್ದೆ. ಅಂದು ಸಂಜೆ ಅದನ್ನು ಪಡಸಾಲೆಯಲ್ಲಿ ನನ್ನ ತಟ್ಟೆಯ ಪಕ್ಕ ಇಟ್ಟು, “ಊಟಕ್ಕ ಬಾರಪ್ಪಾ” ಎಂದು ಕೂತಲ್ಲಿಂದಲೇ ಕರೆದೆ. ಅನ್ನ ಆರಿತು. ಒಳಗೆ ಮಂಚ ಕಿರ್ರೆಂದಿತು. ತುತ್ತು ಮುಟ್ಟದೆ ಬಾಗಿಲನ್ನೇ ನೋಡುತ್ತ ಕುಳಿತೆ.