ಅಪ್ಪನ ಕಾಲು ಮತ್ತು ಮೂರನೇ ಕ್ಲಾಸು

ಮೂರನೇ ಕ್ಲಾಸಿನಲ್ಲಿ ವರ್ಷವಿಡೀ ಕಲಿತದ್ದರಲ್ಲಿ ನನ್ನ ತಲೆಯಲ್ಲಿ ಉಳಿದಿರುವುದು ಒಂದು ಬೊಗಸೆಯಷ್ಟೂ ಇಲ್ಲ. ನಿಮ್ಮದೂ ಅಷ್ಟೇ ತಾನೆ? ಅಲ್ಲವೆಂದರೆ ನಾನು ನಂಬುವುದಿಲ್ಲ. ಐದು ವಿಷಯ, ಬೆನ್ನು ಬಗ್ಗಿಸುವಷ್ಟು ಪುಸ್ತಕ. ಅಷ್ಟೆಲ್ಲ ಎಲ್ಲಿಗೆ ಹೋಯಿತು ಎಂಬ ಕುತೂಹಲ ನನಗೆ ಈಗಲೂ ಇದೆ.

ಅದು ತೊಂಬತ್ತರ ದಶಕದ, ತಮಿಳು ಸೀಮೆಯ ಎಡಪ್ಪಾಡಿ. ನಾವು ನೇಕಾರರು, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಅದೂ ಗಂಡನನ್ನು ಬರಹದಲ್ಲಿ ಬೈಯುವ ಆಸೆಯಿಂದ.

ಗಣಿತದ ಮಗ್ಗಿಯನ್ನು ಅಪ್ಪನ ಮಗ್ಗದ ಸದ್ದಿಗೆ ತಾಳ ಹಾಕಿ ಹೇಳುತ್ತಿದ್ದೆ. ಎಳೆ ಕಡಿದರೆ ಮಗ್ಗ ನಿಲ್ಲುತ್ತಿತ್ತು, ನಾನೂ ನಿಲ್ಲುತ್ತಿದ್ದೆ. ಏಳೆಂಟ್ಲ ಐವತ್ತಾರರ ಹತ್ತಿರ ಬಹಳ ಸಲ ಕಡಿದಿರಬೇಕು, ಇವತ್ತಿಗೂ ಅಲ್ಲಿ ತಡವರಿಸುತ್ತೇನೆ. ಕಾವೇರಿ ಕೊಡಗಿನಲ್ಲಿ ಹುಟ್ಟುತ್ತದೆ ಎಂದು ಸಮಾಜ ಪಾಠ ಓದಿ ಹೇಳಿದರೆ ಅಜ್ಜಿ, "ಎಲ್ಲಾರ ಉಟ್ಲಿ ಬುಡು ಲೇ, ನಮ್ ಪಕ್ಕದ್ ಪೂಲಾಂಪಟ್ಟಿಗೆ ಬರ್ತಾಳಲ್ಲ, ಸಾಕು" ಎಂದು ಭೂಗೋಳವನ್ನೇ ಮುಗಿಸಿಬಿಟ್ಟಳು. ವಿಜ್ಞಾನದಲ್ಲಿ ಕಲಿತದ್ದು ಇಷ್ಟು: ಗಿಡದ ಬೇರು ಕಣ್ಣಿಗೆ ಕಾಣದು, ಆದರೂ ಚಿತ್ರದಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಅರ್ಧ ಮಾರ್ಕು ಹೋಯಿತು. ದಡ್ಡಿ ನಾನು, ಇದು ಗಿಡಕ್ಕೆ ಮಾತ್ರ ಎಂದುಕೊಂಡಿದ್ದೆ.

ಆ ಬೇಸಿಗೆಗೆ ನನ್ನ ಓದು ಮುಗಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ರಾಟೆಯಲ್ಲಿ ನೂಲು ಸುತ್ತುತ್ತಿದ್ದವಳು ಅಜ್ಜಿ. ಅವಳ ಮಣಿಕಟ್ಟು ಸೋತಿತ್ತು. ಆ ರಾಟೆಯ ಮುಂದೆ ಇನ್ನು ನಾನು ಕೂರಬೇಕಿತ್ತು. ನನಗೆ ಒಳಗೊಳಗೇ ಅಳು. ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ.

ದೊಡ್ಡ ಪರೀಕ್ಷೆಗೆ ತಿಂಗಳಿರುವಾಗ ಟೀಚರ್ ನಮ್ಮಿಂದ ಮನೆಯವರ ಚಿತ್ರ ಬರೆಸಿದರು. ಬೇರೆ ಮಕ್ಕಳು ಪುಸ್ತಕ ನೋಡಿ ಬರೆದರು. ನಾನು ಕಂಡದ್ದನ್ನು ಬರೆದೆ. ಅಮ್ಮನಿಗೆ, ಅಜ್ಜಿಗೆ ಎರಡೆರಡು ಕಾಲು. ಅಪ್ಪನಿಗೆ ತಲೆ, ಕೈ, ಹೊಟ್ಟೆ, ಅಲ್ಲಿಂದ ಕೆಳಗೆ ನೆಲದ ಗೆರೆ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯಬೇಕು. ನಾನು ಏಳುವ ಮೊದಲೇ ಅಪ್ಪ ಇಳಿದಿರುತ್ತಿದ್ದ, ಮಲಗುವಾಗಲೂ ಅಲ್ಲೇ ಇರುತ್ತಿದ್ದ.

ಟೀಚರ್ ಹೊಸಬರು, ಕಾರಿಮಂಗಲಂ ಕಡೆಯ ರೈತರ ಮನೆಯವರು. ಗುಂಡಿಮಗ್ಗ ಕಂಡವರೇ ಅಲ್ಲ. "ಅಪ್ಪಾವುಕ್ಕು ಕಾಲ್ ಎಂಗಮ್ಮಾ?" ಎಂದು ಮೆಲ್ಲಗೆ ಕೇಳಿದರು. ಅಪ್ಪನ ಕಾಲು ಎಲ್ಲಿ ಅಂದರೆ ಎಲ್ಲಿ ಹೇಳಲಿ? ಗುಂಡಿಯಲ್ಲಿದೆ ಟೀಚರ್, ಎಂದೆ. ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

ಸಂಜೆ ಚಿತ್ರದ ಜೊತೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಮನೆಗೇ ಬಂದುಬಿಟ್ಟರು, ರೋಗಿಯನ್ನು ನೋಡಲು ಬರುವ ಹಾಗೆ. ಟೀಚರ್ ಬಂದರೆಂದು ಅಪ್ಪ ಮರ್ಯಾದೆಗೆ ಗುಂಡಿಯಿಂದ ಎದ್ದು ನಿಂತ. "ಅಯ್ಯೋ ಮುರುಗಾ!" ಎಂದು ಅವರು ಬಾಗಿಲಿಗೆ ಒರಗಿದರು. ವಿಷಯ ತಿಳಿದಾಗ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಅಪ್ಪ ಮಾತ್ರ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ.

"ನನ್ ಕಾಲೆಲ್ಲಿ ಲೇ?"

"ನೀ ಯಾವಾಗ್ ಎದ್ದಿದ್ದೆ, ನಾ ನೋಡಾಕೆ?" ಎಂದೆ. ಧೈರ್ಯ ಎಲ್ಲಿಂದ ಬಂತೋ ಕಾಣೆ.

ಅಪ್ಪ ಚಿತ್ರವನ್ನು ಮಗ್ಗದ ಮೇಲೆ ಇಟ್ಟ. ಆಮೇಲೆ ಅಜ್ಜಿಯ ಕಡೆ ತಿರುಗಿ, "ಕಂಡಿಕೆ ನಾನೇ ಸುತ್ಕೊತೀನಿ ಕಣವ್ವಾ. ಇವಳ್ನ ಇಲ್ಲಿ ಕೂರ್ಸಿದ್ರೆ ಇವಳ್ ಕಾಲೂ ಓಯ್ತದೆ. ಸ್ಕೂಲ್‌ಗೇ ಓಗ್ಲಿ" ಎಂದ. ಅಜ್ಜಿ ಬಾಳೆಹಣ್ಣು ಸುಲಿಯುತ್ತಾ, "ಆಗ್ಲಿ ಬುಡು. ಕಾಲಿಲ್ದೋನ್ಗೆ ತಂದ ಅಣ್ಣು ನಾನಾರ ತಿಂತೀನಿ" ಎಂದಳು.

ಜೂನ್‌ನಲ್ಲಿ ನಾಲ್ಕನೇ ಕ್ಲಾಸಿನ ಮೊದಲ ದಿನ ಅಪ್ಪ ಮಗ್ಗ ನಿಲ್ಲಿಸಿ, ನನ್ನ ಕೈ ಹಿಡಿದು ಶಾಲೆಯವರೆಗೆ ನಡೆದು ಬಂದ. ಅವನು ಅಷ್ಟು ಎತ್ತರ ಎಂದು ನನಗೆ ಗೊತ್ತಾದದ್ದು ಅವತ್ತೇ. ಆ ವರ್ಷವೂ ನಮಗೆ ಅದೇ ಟೀಚರ್, ಮತ್ತೆ ಮನೆಯವರ ಚಿತ್ರ ಬರೆಯಲು ಹೇಳಿದರು. ಈ ಸಲ ಅಪ್ಪನಿಗೆ ಕಾಲು ಬರೆದೆ. ಹಾಳೆ ಸಾಲಲಿಲ್ಲ, ಪಾದ ಎರಡನ್ನೂ ಮುಂದಿನ ಪುಟದಲ್ಲಿ ಬರೆದೆ.