ವರ್ಲಿನ್ ಸ್ಟಕಿಯ ಒಂದೇ ಒಂದು ಜೋಡಿಹಕ್ಕಿ

ನಾನು ಮರದಲ್ಲಿ ಕೊರೆದ ಮೊದಲ ಪ್ರಾಣಿ ಹಸು. ನಮ್ಮ ಗರಗಸದ ಕ್ಲಬ್ಬಿನವರು ಅದನ್ನು ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ ನೋಡಿ, ಸೋಫಾದ ಕಾಲುಗಳು ಚೆನ್ನಾಗಿ ಬಂದಿವೆ ಎಂದರು. ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿ ಬೆಳೆದು, ಚೀಸ್ ಕಾರ್ಖಾನೆಯಲ್ಲಿ ಗಂಟೆ ಲೆಕ್ಕದ ಸಂಬಳಕ್ಕೆ ದುಡಿಯುವ ನನಗೆ ಹಸು ಹೇಗಿರುತ್ತದೆಂದು ಗೊತ್ತಿಲ್ಲ ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹರಡಿತು. ನಗದೆ ಇದ್ದವರು ವರ್ಲಿನ್ ಸ್ಟಕಿ ಒಬ್ಬರೇ. ಅವರು ಹಸುವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬ್ಲೇಡನ್ನ ತಳ್ಳಿದೀಯ ಚೀಸಪ್ಪ. ತಳ್ಳಬಾರದು. ಅದಕ್ಕೇ ಹಸಿವಿದೆ, ಅದೇ ತಿನ್ನುತ್ತೆ," ಎಂದರು. ಅಂದಿನಿಂದ ನಾನು ಚೀಸಪ್ಪ, ಅವರು ಗುರು.

ನಮ್ಮ ಗರಗಸ ಸೌದೆ ಸೀಳುವ ಜಾತಿಯದಲ್ಲ. ಹೊಲಿಗೆ ಯಂತ್ರದ ಸೂಜಿಯ ಹಾಗೆ ನಿಂತಲ್ಲೇ ಮೇಲೆ ಕೆಳಗೆ ಆಡುವ, ದಾರದಷ್ಟು ಸಣ್ಣ ಬ್ಲೇಡು. ಮರದ ಮೇಲೆ ನಮೂನೆಯ ಕಾಗದ ಅಂಟಿಸಿ, ಚಿಕ್ಕ ತೂತು ಕೊರೆದು, ಅದರೊಳಗೆ ಬ್ಲೇಡು ಪೋಣಿಸಿ, ಗೆರೆ ಹೋದಂತೆ ಮರವನ್ನು ತಿರುಗಿಸಬೇಕು. ಒಂದು ಹಕ್ಕಿಯ ರೆಕ್ಕೆಗೆ ಮೂವತ್ತು ನಲವತ್ತು ಸಲ ಈ ಪೋಣಿಸುವ ಕೆಲಸ. ಕ್ಲಬ್ಬಿನವರ ಹೆಂಡತಿಯರು ಇದಕ್ಕೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ.

ತಿಂಗಳ ಎರಡನೇ ಶನಿವಾರ ಬೆಳಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಹದಿನೈದಿಪ್ಪತ್ತು ಜನ ಸೇರುತ್ತೇವೆ. ಉದ್ದನೆಯ ಮೇಜಿನ ಮೇಲೆ ಎಲ್ಲರೂ ತಮ್ಮ ತಮ್ಮ ನಮೂನೆಗಳನ್ನು ಇಡಬೇಕು, ಬೇಕಾದವರು ಎತ್ತಿಕೊಳ್ಳಬಹುದು. ಪ್ರತಿಯೊಬ್ಬರೂ ಆ ತಿಂಗಳು ಕಲಿತ ಒಂದು ಕಿವಿಮಾತು ಹೇಳಬೇಕು. ಹೇಳಲು ಏನೂ ಇಲ್ಲದವರು ಕಾಫಿ ಕಪ್ ತೊಳೆಯಬೇಕು. ಮೊದಲ ಎಂಟು ತಿಂಗಳು ಕಪ್ ತೊಳೆದದ್ದು ನಾನೇ. ಒಂಬತ್ತನೆಯ ತಿಂಗಳು ಎದ್ದು ನಿಂತು, ಗರಗಸ ಆಡದಿದ್ದರೆ ಮೊದಲು ಪ್ಲಗ್ ಹಾಕಿದೆಯೇ ನೋಡಿ ಎಂದೆ. ಚಪ್ಪಾಳೆ ತಟ್ಟಿದರು, ಕಪ್ಪನ್ನೂ ತೊಳೆಸಿದರು.

ವರ್ಲಿನ್‌ಗೆ ಮಾತ್ರ ಕಿವಿಮಾತಿಗೆ ಬರವಿರಲಿಲ್ಲ. ಚೆರ್ರಿ ಮರ ಬ್ಲೇಡಿನ ಬಿಸಿಗೆ ಕಪ್ಪಾಗುತ್ತದೆ, ಮೇಲೆ ಪಾರ್ಸೆಲ್ ಟೇಪು ಅಂಟಿಸಿದರೆ ಆಗುವುದಿಲ್ಲ ಎಂದು ನಮಗೆ ಕಲಿಸಿದವರು ಅವರು. ಮೂವತ್ತಮೂರು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವರು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯ ಆ್ಯಪಲ್ ಪೈ ಚೆನ್ನ, ಎಲ್ಲ ಬಾಯಿಪಾಠ. ವಯಸ್ಸು ಎಪ್ಪತ್ತೊಂದು. ಹೆಂಡತಿ ಬರ್ನಡೀನ್ ಆರು ವರ್ಷದ ಹಿಂದೆ ಜನವರಿಯಲ್ಲಿ ತೀರಿಕೊಂಡರು. ದಾರಿಯ ಹಿಮ ಸರಿಸಿ ಆಂಬುಲೆನ್ಸ್ ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ವರ್ಲಿನ್ ಹಿಮದ ಜೊತೆ ಮಾತು ಬಿಟ್ಟರು. ಹಾಸಿಗೆ, ಒಲೆ ಎಲ್ಲ ಇರುವ ದೊಡ್ಡ ವ್ಯಾನೊಂದನ್ನು ಕೊಂಡು, ಚಳಿಗಾಲ ಪೂರ್ತಿ ಅರಿಜೋನಾದ ಬಿಸಿಲಿನಲ್ಲಿ ಇರುತ್ತೇನೆ ಎಂದು ಪ್ರತಿ ವರ್ಷ ಸಾರುತ್ತಿದ್ದರು. ಪ್ರತಿ ವರ್ಷ ವ್ಯಾನು ಅಂಗಳದಲ್ಲೇ ಹಿಮದಡಿ ಹೂತುಹೋಗುತ್ತಿತ್ತು. ಒಬ್ಬನೇ ಅಷ್ಟು ದೂರ ಓಡಿಸಿದರೆ ರೇಡಿಯೋಗೆ ಉತ್ತರ ಕೊಡಲು ಶುರುಮಾಡುತ್ತೇನೆ ಎನ್ನುತ್ತಿದ್ದರು.

ಅವರನ್ನು ನಮ್ಮ ಮನೆಗೆ ಕರೆತಂದವನು ನಾನೇ. ಇದನ್ನು ಹೇಳಿಬಿಡುವುದು ಒಳ್ಳೆಯದು.

ನಮ್ಮಮ್ಮ ಲೋರ್ನಾ ಊರಿನ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ಮೂರು ವರ್ಷದಿಂದ ಕೆಲಸದಲ್ಲಿದ್ದಾಳೆ. ಇನ್ನೆರಡು ವರ್ಷ ದುಡಿದರೆ ಪೂರ್ತಿ ಪಿಂಚಣಿ. ಅಪ್ಪ ಹೋಗಿ ಹನ್ನೊಂದು ವರ್ಷ. ಶುಕ್ರವಾರ ಸಂಜೆ ಊರಿಗೆ ಊರೇ ಬಾರಿಗೆ ಕರಿದ ಮೀನು ತಿನ್ನಲು ಹೋದಾಗ ಅಮ್ಮ ಅಲ್ಲಿ ನನ್ನ ಎದುರು ಕೂತು ತಿನ್ನುತ್ತಿದ್ದಳು. ಒಂದು ಶುಕ್ರವಾರ ನಾನು ವರ್ಲಿನ್‌ರನ್ನೂ ಕರೆದೆ. ಅವರು ಅಮ್ಮನಿಗೆ, ನಿಮ್ಮ ಮಗನ ಹಸು ನೋಡಿದೆ, ಕೂತುಕೊಳ್ಳೋಣ ಅನ್ನಿಸಿತು ಎಂದರು. ಅಮ್ಮ ನಕ್ಕ ನಗುವಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೂರು ಶುಕ್ರವಾರ ಮೂವರೂ ಒಂದೇ ಮೇಜಿನಲ್ಲಿ ಕೂತೆವು. ನಾಲ್ಕನೆಯದರಿಂದ ಅವರಿಬ್ಬರು ಮೇಜಿನಲ್ಲಿ, ನಾನು ಬಾರಿನ ಸ್ಟೂಲಿನ ಮೇಲೆ. ನನಗೂ ಸಂತೋಷವೇ. ಇಪ್ಪತ್ತೇಳು ವರ್ಷದ ಗಂಡಸು ಅಮ್ಮನ ಮನೆಯಲ್ಲೇ ಇರುವುದಕ್ಕೆ, ಅಮ್ಮನಿಗೊಂದು ಜೊತೆ ಹುಡುಕಿಕೊಟ್ಟೆ ಎಂಬುದು ಮರ್ಯಾದೆಯ ಕಾರಣವಾಯಿತಲ್ಲ.

ಆಗಸ್ಟಿನಲ್ಲಿ ವರ್ಲಿನ್ ತಮ್ಮ ಶೆಡ್ಡಿಗೆ ನನ್ನನ್ನು ಕರೆದರು. ಸೇಬಿನ ಕೊಂಬೆಯ ಮೇಲೆ ಕೂತ ಎರಡು ಕಾರ್ಡಿನಲ್ ಹಕ್ಕಿಗಳ ನಮೂನೆ, ಅವರೇ ಬರೆದದ್ದು. ಒಂದೊಂದು ಗರಿಯೂ ಬೇರೆ. ಅದನ್ನು ಕ್ಲಬ್ಬಿನ ಮೇಜಿನ ಮೇಲೆ ಇಡುವುದಿಲ್ಲ, ನಿನಗೆ ಮಾತ್ರ ತೋರಿಸುತ್ತಿದ್ದೇನೆ ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು. ತೆಳ್ಳನೆಯ ಚೆರ್ರಿ ಹಲಗೆ ಮೂರನ್ನು ಒಂದರ ಮೇಲೊಂದು ಇಟ್ಟು ಸುತ್ತ ಟೇಪು ಸುತ್ತಲು ಹೇಳಿದರು. ಸುತ್ತಿದೆ. ಹಾಗೆ ಒತ್ತಿಟ್ಟು ಕೊರೆದರೆ ಒಂದೇ ಕೆಲಸಕ್ಕೆ ಮೂರು ಪ್ರತಿ ಬರುತ್ತವೆ. ಕ್ಲಬ್ಬಿನಲ್ಲಿ ಎಲ್ಲರೂ ಕ್ರಿಸ್‌ಮಸ್‌ಗೆ ಮಾಡುವುದು ಅದನ್ನೇ. ಯಾಕೆ ಮೂರು ಎಂದು ಕೇಳಿದ್ದಕ್ಕೆ, ಕೆಳಗಿನವೆರಡು ಆಸರೆಗೆ, ಮೇಲಿನದು ಮುರಿಯದಿರಲಿ ಅಂತ, ಆಮೇಲೆ ಒಲೆಗೆ ಹಾಕುತ್ತೇನೆ ಎಂದರು. ಆಸರೆಗೆ ಹಳೆಯ ಪ್ಲೈವುಡ್ಡು ಸಾಕು, ಚೆರ್ರಿ ಯಾರೂ ಒಲೆಗೆ ಹಾಕುವುದಿಲ್ಲ. ಅಷ್ಟು ನನಗೆ ತಿಳಿದಿತ್ತು. ಆದರೆ ಗುಪ್ತ ನಮೂನೆ ನೋಡಿದ ಖುಷಿಯಲ್ಲಿದ್ದವನು ಮತ್ತೆ ಬಾಯಿ ತೆರೆಯಲಿಲ್ಲ.

ಮೂರನೆಯ ವಾರ ಗಂಡು ಹಕ್ಕಿಯ ಬಾಲ ಕೊರೆಯಲು ನನ್ನ ಕೈಗೆ ಕೊಟ್ಟರು. ತಳ್ಳಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ತಳ್ಳಿದೆ. ಬ್ಲೇಡು ಗೆರೆ ಬಿಟ್ಟು ಒಳಗೆ ಹಾರಿತು. ಬಾಲದ ಮೂರನೆಯ ಗರಿಯಲ್ಲಿ ಅಕ್ಕಿಕಾಳಿನಷ್ಟು ಗಾಯ. ಹಕ್ಕಿಗೇನೂ ಆಗಿಲ್ಲ ಬಿಡು ಎಂದು ವರ್ಲಿನ್ ನನ್ನ ಬೆನ್ನು ತಟ್ಟಿದರು.

ಅಕ್ಟೋಬರಿನಲ್ಲಿ ಅಮ್ಮನ ಹುಟ್ಟುಹಬ್ಬ. ವರ್ಲಿನ್ ಕಂದು ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದರು. ಜೋಡಿಹಕ್ಕಿ. ಕೆಳಗೆ 'ಲೋರ್ನಾ' ಎಂದು ಬೇರೆ ಮರದಲ್ಲಿ ಕೊರೆದು ಅಂಟಿಸಿತ್ತು. ಅಮ್ಮ ಬಾಲದ ಗಾಯದ ಮೇಲೆ ಬೆರಳಿಟ್ಟಳು.

"ಅದು ನಿಮ್ಮ ಮಗನ ಕೈ," ಎಂದರು ವರ್ಲಿನ್. "ಬೇರೆಯವರಾದ್ರೆ ಎಸೀತಿದ್ರು. ನಾನು ಅದಕ್ಕೇ ಇಟ್ಕೊಂಡೆ, ಇಬ್ಬರ ಕೈಯೂ ಇರಲಿ ಅಂತ. ಪ್ರಪಂಚದಲ್ಲಿ ಇಂಥದ್ದು ಒಂದೇ ಒಂದು, ಲೋರ್ನಾ."

ಅಮ್ಮನ ಕಣ್ಣು ತುಂಬಿತು. ನಾನು ಬಾಗಿಲಿಗೆ ಒರಗಿ, ಮೆಡಲ್ಲು ಬಂದವನ ಹಾಗೆ ಹಲ್ಲುಕಿರಿಯುತ್ತ ನಿಂತಿದ್ದೆ.

ಆ ವಾರವೇ ಅಮ್ಮ ಅರಿಜೋನಾಕ್ಕೆ ಒಪ್ಪಿದಳು. ಶಾಲೆಗೆ ರಾಜೀನಾಮೆ ಪತ್ರ ಬರೆದು, ನವೆಂಬರಿನ ಮೂರನೆಯ ಸೋಮವಾರ ಕೊಡುವುದೆಂದು ಫ್ರಿಜ್ಜಿನ ಮೇಲೆ ಆಯಸ್ಕಾಂತದಡಿ ಸಿಕ್ಕಿಸಿದಳು. ಪಿಂಚಣಿಯ ಮಾತು ನಾನೇ ಎತ್ತಿದೆ. ಎರಡು ವರ್ಷ ಕಾಯಲು ವರ್ಲಿನ್‌ಗೆ ಇಪ್ಪತ್ತು ವಯಸ್ಸಲ್ಲ, ನನಗೂ ಅಲ್ಲ ಎಂದಳು.

ಆ ಸೋಮವಾರಕ್ಕೆ ಎರಡು ದಿನ ಮುಂಚೆ, ಕ್ಲಬ್ಬಿನ ದೊಡ್ಡ ಕಾಫಿ ಪಾತ್ರೆ ತರಲು ನನ್ನನ್ನು ಆರ್ಲಿಸ್ ರುಂಡಾಗ್ ಮನೆಗೆ ಕಳಿಸಿದರು. ಆರ್ಲಿಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾರೆ, ಗಂಡ ತೀರಿ ನಾಲ್ಕು ವರ್ಷ. ಅವರು ಪಾತ್ರೆ ತರಲು ಒಳಗೆ ಹೋದಾಗ ನಾನು ಗೋಡೆ ನೋಡಿದೆ. ಸೇಬಿನ ಕೊಂಬೆ. ಎರಡು ಹಕ್ಕಿ. ಕೆಳಗೆ 'ಆರ್ಲಿಸ್'. ಗಂಡು ಹಕ್ಕಿಯ ಬಾಲದ ಮೂರನೆಯ ಗರಿಯಲ್ಲಿ ಅಕ್ಕಿಕಾಳಿನಷ್ಟು ಗಾಯ.

ನನ್ನ ತಪ್ಪನ್ನು ನಾನು ಎಲ್ಲಿ ಬೇಕಾದರೂ ಗುರುತು ಹಿಡಿಯುತ್ತೇನೆ. ನನ್ನದೆಂದು ಹೇಳಿಕೊಳ್ಳಲು ನನ್ನ ಹತ್ತಿರ ಬೇರೇನೂ ಇಲ್ಲ.

"ಚೆನ್ನಾಗಿದೆ ಅಲ್ವಾ?" ಎಂದರು ಆರ್ಲಿಸ್ ಹಿಂದಿನಿಂದ. "ವರ್ಲಿನ್ ಕೊಟ್ಟಿದ್ದು, ಸೆಪ್ಟೆಂಬರಲ್ಲಿ. ಆ ಬಾಲ ನೋಡು. ನನ್ನ ನೆನಪು ಬಂದು ಕೈ ನಡುಗಿತಂತೆ. ಎಪ್ಪತ್ತೊಂದರಲ್ಲಿ ಇಂಥ ಮಾತು. ಅರಿಜೋನಾಕ್ಕೆ ಬಾ ಅಂದ. ನಾನು ಹೋದ್ರೆ ಇಲ್ಲಿ ಭಾನುವಾರ ಆರ್ಗನ್ ಯಾರು ನುಡಿಸ್ತಾರೆ, ಚೀಸಪ್ಪನ ಹಸುನಾ ಅಂದೆ."

ನನ್ನ ಹಸು ಅಲ್ಲಿಗೂ ಹೋಗಿತ್ತು. ನಾನು ಹತ್ತಿರ ಹೋಗಿ ಹಿಂಬದಿಯನ್ನು ಬೆರಳಿನಿಂದ ಸವರಿದೆ. ಅಂಚುಗಳು ಗಾಜಿನಷ್ಟು ನುಣುಪು. ಹಲಗೆಗಳನ್ನು ಒತ್ತಿಟ್ಟು ಕೊರೆದಾಗ ಮೇಲಿನದು ಗೆರೆಗೆ ಸರಿಯಾಗಿ ಬರುತ್ತದೆ. ತಳದ್ದರಲ್ಲಿ ಬ್ಲೇಡು ವಾಲಿ ಗೆರೆ ಸೊಟ್ಟಗಾಗುತ್ತದೆ, ಹಿಂಬದಿಯಲ್ಲಿ ಸಿಬಿರು ಏಳುತ್ತದೆ. ನಮ್ಮ ಮನೆಯ ಹಕ್ಕಿಯ ಹಿಂಬದಿಯನ್ನು ಒರೆಸುವಾಗ ಅಮ್ಮನ ಬಟ್ಟೆಗೆ ಸಿಬಿರು ಸಿಕ್ಕಿಕೊಳ್ಳುತ್ತಿತ್ತು.

ಪಾತ್ರೆಯನ್ನು ಚರ್ಚಿನ ಮೆಟ್ಟಿಲ ಮೇಲಿಟ್ಟು ನೇರ ವರ್ಲಿನ್ ಶೆಡ್ಡಿಗೆ ಹೋದೆ. ಅವರು ಕ್ಲಬ್ಬಿಗೆ ಹೊರಡಲು ಕೋಟು ಹಾಕುತ್ತಿದ್ದರು. ಆರ್ಲಿಸ್ ಮನೆಗೆ ಹೋಗಿದ್ದೆ ಎಂದೆ. ಕೋಟಿನ ಒಂದು ತೋಳು ಹಾಕಿದ್ದವರು ಹಾಗೇ ಕೂತರು. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಮೂರನೆಯ ಹಲಗೆ ಎಲ್ಲಿ ಎಂದು ಕೇಳಿದೆ. ಗಲ್ಲದಿಂದ ಡ್ರಾಯರು ತೋರಿಸಿದರು. ತೆರೆದು ನೋಡಿದೆ. ಅದೇ ಬಾಲ. ಕೆಳಗೆ ಹೆಸರು ಅಂಟಿಸಿರಲಿಲ್ಲ.

"ಇದು ಯಾರಿಗೆ?" ಎಂದೆ.

"ಯಾರಿಗೂ ಇಲ್ಲ. ನಿಮ್ಮಮ್ಮ ಒಪ್ಪಿದ್ಲಲ್ಲ."

"ಒಪ್ಪದಿದ್ರೆ?"

ಅವರು ಇನ್ನೊಂದು ತೋಳು ಹುಡುಕುತ್ತಿದ್ದರು. "ಆರು ಚಳಿಗಾಲ ಒಬ್ಬನೇ ಕೂತಿದೀನಿ ಚೀಸಪ್ಪ. ಒಬ್ಬಳ ಮೇಲೆ ನಂಬಿಕೆ ಇಟ್ಟು ಅವಳು ಆಗಲ್ಲ ಅಂದ್ರೆ, ಏಳನೇದೂ ಇಲ್ಲೇ."

ಅಮ್ಮನಿಗೆ ಹೊಸದೊಂದು ಕೊರೆಯಬಹುದಿತ್ತಲ್ಲ ಎಂದೆ. ಮೂರು ವಾರದ ಕೆಲಸ, ಹಿಮ ಕಾಯುತ್ತದೆಯೇ ಎಂದರು. ಆರ್ಲಿಸ್‌ಗೆ ಕೇಳಿದಾಗ ನಿಜವಾಗಿಯೇ ಕೇಳಿದ್ದೆ, ನಿಮ್ಮಮ್ಮನಿಗೂ ನಿಜವಾಗಿಯೇ ಎಂದರು. ಅದು ನಿಜವಿದ್ದಿರಬಹುದು, ನನಗೆ ಅದೇ ಹೆಚ್ಚು ಸಿಟ್ಟು ತಂದಿತು. ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ ಮೆಲ್ಲಗೆ ಅಂದರು, "ಟೇಪು ಸುತ್ತಿದೋನು ನೀನೇ ಅಲ್ವೇನಯ್ಯಾ."

ಆ ತಿಂಗಳು ನಾನು ಕ್ಲಬ್ಬಿಗೆ ಹೋಗಲಿಲ್ಲ. ಮನೆಗೆ ಬಂದೆ.

ಅಮ್ಮ ಬೇಸಿಗೆಯ ತೋಳಿಲ್ಲದ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದಳು. ಹೊರಗೆ ಮೊದಲ ಹಿಮ. ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿದ್ದೆ. ಅದರಲ್ಲಿ ವರ್ಲಿನ್ ಮೋಸಗಾರ, ನಾನು ಪತ್ತೇದಾರ. ಅಮ್ಮ ಇಸ್ತ್ರಿ ನಿಲ್ಲಿಸದೆ ಪೂರ್ತಿ ಕೇಳಿದಳು. ಆರ್ಲಿಸ್‌ಗೆ ಮೊದಲು ಕೇಳಿದ್ದು ಅವಳಿಗೆ ಅಷ್ಟು ತಾಗಿದಂತೆ ಕಾಣಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಗೋಡೆಯಿಂದ ಹಕ್ಕಿಯನ್ನು ಇಳಿಸಿ, ತಿರುಗಿಸಿ, ಹಿಂಬದಿ ಮುಟ್ಟಿ ನೋಡಿದಳು.

"ನಮ್ಮದು ಎಷ್ಟನೇದು?"

"ತಳದ್ದು."

"ಆರ್ಲಿಸ್‌ದು?"

"ಮೇಲಿನದು."

ಅಮ್ಮ ಶಾಲೆಯಲ್ಲಿ ಇಪ್ಪತ್ಮೂರು ವರ್ಷ ಮಕ್ಕಳಿಗೆ ಬಡಿಸಿದವಳು. ತಳದ್ದು ಯಾರಿಗೆ ಸಿಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಒತ್ತಿಟ್ಟಿದ್ದು ಮೂರು ಅಂದೆಯಲ್ಲ. ಟೇಪು ಸುತ್ತಿದ್ದು ಯಾರು?"

ಭಾಷಣದಲ್ಲಿ ಆ ಭಾಗವನ್ನು ನಾನು ಬಿಟ್ಟಿದ್ದೆ. "ನಾನು," ಎಂದೆ.

"ಹಂಗಾದ್ರೆ ಹುಟ್ಟುಹಬ್ಬದ ದಿನ, ಅವನು ಒಂದೇ ಒಂದು ಅಂದಾಗ, ಮೂರಿದೆ ಅಂತ ನಿಂಗೆ ಗೊತ್ತಿತ್ತು."

ಉಳಿದವನ್ನು ಒಲೆಗೆ ಹಾಕಿರುತ್ತಾರೆ ಅಂದುಕೊಂಡೆ ಎಂದೆ.

"ಅಂದ್ಕೊಂಡ್ಯಾ ಬ್ರೆಂಟ್?"

ನಾನು ಹಾಗೆ ಅಂದುಕೊಂಡಿರಲಿಲ್ಲ. ಚೆರ್ರಿ ಮರ ಯಾರೂ ಸುಡುವುದಿಲ್ಲ. ನನ್ನ ಕೈಯನ್ನು ಅವರು ಹೊಗಳಿದರು, ಅಷ್ಟೇ. ಆ ಹೊಗಳಿಕೆ ಸುಳ್ಳಾಗದಿರಲಿ ಎಂದು ಮಿಕ್ಕದ್ದನ್ನೂ ಸುಳ್ಳಲ್ಲ ಎಂದುಬಿಟ್ಟೆ.

"ಅವನು ಹೊರಗಿನವನು," ಎಂದಳು ಅಮ್ಮ. "ನೀನು ಬಾಗಿಲಲ್ಲಿ ನಿಂತು ನಗ್ತಿದ್ದೆ." ಮತ್ತೆ ಇಸ್ತ್ರಿ ಕೈಗೆತ್ತಿಕೊಂಡಳು. ಫ್ರಾಕನ್ನು ಪೂರ್ತಿ ಮುಗಿಸಿ, ಮಡಿಸಿ, ಬೇಸಿಗೆ ಬಟ್ಟೆಯ ಪೆಟ್ಟಿಗೆಯೊಳಗೆ ಇಟ್ಟು ಮೇಲಿನ ಅಟ್ಟಕ್ಕೆ ಒಯ್ದಳು. ನಾನು ಹೊರುತ್ತೇನೆ ಎಂದೆ. ಬೇಡ ಎಂದಳು.

ಸಂಜೆ ವರ್ಲಿನ್ ಬಂದರು. ಅಮ್ಮ ಹೊಸ್ತಿಲಲ್ಲೇ ನಿಂತು ಮಾತಾಡಿದಳು. ಕೂಗಾಟ ಇರಲಿಲ್ಲ, ಮುಕ್ಕಾಲು ಭಾಗ ಅವರೇ ಮಾತಾಡಿದರು. ಹಕ್ಕಿಯನ್ನು ಅವರ ಕೈಗೆ ಕೊಟ್ಟು, ಹೆಸರು ಕಿತ್ತಿದ್ದೇನೆ, ಗೋಂದು ಸ್ವಲ್ಪ ಉಳಿದಿದೆ, ಉಜ್ಜಿದರೆ ಹೋಗುತ್ತದೆ ಎಂದಳು. ಸೋಮವಾರ ಎಂದಿನಂತೆ ಐದೂವರೆಗೆ ಎದ್ದು ಶಾಲೆಗೆ ಹೋದಳು. ಪತ್ರ ಫ್ರಿಜ್ಜಿನ ಮೇಲೆ ಇರಲಿಲ್ಲ.

ಡಿಸೆಂಬರಿನಲ್ಲಿ ವರ್ಲಿನ್ ವ್ಯಾನು ತೆಗೆದುಕೊಂಡು ಒಬ್ಬರೇ ಹೋದರು ಎಂದು ಕ್ಲಬ್ಬಿನವರು ಹೇಳಿದರು. ಅಯೋವಾ ದಾಟುವ ಮುಂಚೆಯೇ ವಾಪಸಾದರು ಎಂದು ಇನ್ನು ಕೆಲವರು. ಶೆಡ್ಡಿನ ಕಡೆ ನಾನು ಹೋಗಿಲ್ಲ.

ಅಮ್ಮ ನನ್ನ ಜೊತೆ ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಸುಲಭವಿತ್ತು. ಊಟಕ್ಕೆ ಕರೆಯುತ್ತಾಳೆ, ಕಾರ್ಖಾನೆಯಲ್ಲಿ ಕೂದಲಿಗೆ ಹಾಕುವ ಬಲೆಯನ್ನು ಜೇಬಿನಲ್ಲೇ ಮರೆತರೆ ಬೈಯುತ್ತಾಳೆ. ಮೊನ್ನೆ ಬೆಳಗ್ಗೆ ನಾನು ರಾತ್ರಿ ಪಾಳಿ ಮುಗಿಸಿ ಬಂದು, ಹೊಳೆಯ ಪಕ್ಕದ ರಸ್ತೆಯಲ್ಲಿ ಹಿಮ ಗಟ್ಟಿಯಾಗಿದೆ, ಮೇಲಿನ ರಸ್ತೆಯಲ್ಲಿ ಹೋಗು ಎಂದೆ. ಸರಿ ಎಂದಳು. ಬೂಟು ಹಾಕಿಕೊಂಡಳು. ಆಮೇಲೆ ಫೋನೆತ್ತಿ ಪಕ್ಕದ ಮನೆಯವರಿಗೆ, ಹೊಳೆ ರಸ್ತೆ ಹೇಗಿದೆ ಎಂದು ಕೇಳಿದಳು.